ಸ್ಮಾರಕದ ಪಕ್ಕ ರಸ್ತೆ, ಕಟ್ಟಡ ಬರುವಾಗ ಕಾನೂನಿನ ನೆರವು ಪಡೆಯುವ ಬಗೆ

ಊರಂಚಿನ ಹಳೆಯ ಗುಡಿಯ ಜಗಲಿಯ ಮೇಲೆ ಒಂದು ಬೆಳಿಗ್ಗೆ ಕೆಂಪು ಬಣ್ಣದ ಗೀಟು, ಅದರ ಪಕ್ಕದಲ್ಲೊಂದು ಬಾಣ, ಕೆಳಗೆ ಮೀಟರಿನ ಲೆಕ್ಕದ ಒಂದು ಅಂಕಿ ಕಾಣಿಸಿಕೊಂಡರೆ, ರಸ್ತೆ ಅಗಲೀಕರಣದ ಅಳತೆ ಮುಗಿದಿದೆ ಎಂದೇ ತಿಳಿಯಬೇಕು. ಆ ಹೊತ್ತಿಗೆ ಅಂದಾಜು ಪಟ್ಟಿ ತಯಾರಾಗಿರುತ್ತದೆ, ಹಲವು ಸಲ ಟೆಂಡರ್ ಕೂಡ ಕರೆದಾಗಿರುತ್ತದೆ. ಸಾಮಾನ್ಯವಾಗಿ ಜನ ಸೇರುವುದು ಜೆಸಿಬಿ ಬಂದು ನಿಂತ ದಿನ. ನನ್ನ ಅನುಭವದಲ್ಲಿ, ಆ ದಿನ ಸೇರುವ ಇನ್ನೂರು ಜನರಿಗಿಂತ, ಮೂರು ತಿಂಗಳ ಹಿಂದೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ. ಆ ಹಾಳೆಯಲ್ಲಿ ಏನಿರಬೇಕು, ಅದನ್ನು ಯಾರಿಗೆ ಕೊಡಬೇಕು, ಅದಕ್ಕೂ ಮೊದಲು ಯಾವ ಕಾಗದಗಳನ್ನು ಕೈಗೆ ತಂದುಕೊಳ್ಳಬೇಕು ಎಂಬುದನ್ನು ಕರ್ನಾಟಕದ ಮಟ್ಟಿಗೆ ಇಲ್ಲಿ ವಿವರಿಸಿದ್ದೇನೆ.

ಸ್ಮಾರಕ ಯಾರ ಪಟ್ಟಿಯಲ್ಲಿದೆ?

ಮೊದಲ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿಗದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು, ಏಕೆಂದರೆ ಅನ್ವಯಿಸುವ ಕಾನೂನೇ ಬೇರೆಯಾಗುತ್ತದೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳಿಗೆ 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ತ್ವ ಸ್ಥಳಗಳು ಮತ್ತು ಅವಶೇಷಗಳ ಕಾಯ್ದೆ ಅನ್ವಯಿಸುತ್ತದೆ. ಅವುಗಳ ಹೊಣೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು, ಅಂದರೆ ಎಎಸ್‌ಐನದು. ಕರ್ನಾಟಕದಲ್ಲಿ ಇಂಥವು 500ಕ್ಕೂ ಹೆಚ್ಚಿವೆ, ಮತ್ತು ಬೆಂಗಳೂರು, ಧಾರವಾಡ, ಹಂಪಿ ವೃತ್ತಗಳ ಕಚೇರಿಗಳು ಅವನ್ನು ಹಂಚಿಕೊಂಡು ನೋಡಿಕೊಳ್ಳುತ್ತವೆ. ರಾಜ್ಯ ಸರ್ಕಾರ ಘೋಷಿಸಿದ ಸ್ಮಾರಕಗಳಿಗೆ 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. ಅವು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಜ್ಯ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಸುಪರ್ದಿಯಲ್ಲಿವೆ. ಮೂರನೆಯ ಗುಂಪು, ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಯಾವ ಪಟ್ಟಿಯಲ್ಲೂ ಇಲ್ಲದ ಗುಡಿ, ಬಾವಿ, ಕಲ್ಯಾಣಿ, ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳದ್ದು.

ಇಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿದೆ. ಗುಡಿ ಮುಜರಾಯಿಗೆ ಸೇರಿದ್ದರೆ ಅದು ‘ಸರ್ಕಾರದ ಸ್ಮಾರಕ’ ಎಂದು ಅನೇಕರು ತಿಳಿದಿದ್ದಾರೆ. ಮುಜರಾಯಿ ನೋಡಿಕೊಳ್ಳುವುದು ಪೂಜೆ, ಆದಾಯ, ಆಡಳಿತವನ್ನು. ಗುಡಿಯ ಗೋಡೆಗೂ ಸುತ್ತಲಿನ ನೆಲಕ್ಕೂ ಪುರಾತತ್ತ್ವ ಕಾನೂನಿನ ರಕ್ಷಣೆ ದೊರೆಯಬೇಕಾದರೆ ಪ್ರತ್ಯೇಕ ಅಧಿಸೂಚನೆ ಬೇಕು. ಎರಡೂ ಒಂದೇ ಗುಡಿಯ ಮೇಲೆ ಇರಬಹುದು, ಒಂದು ಮಾತ್ರ ಇರಬಹುದು.

ಸ್ಮಾರಕದ ಎದುರಿನ ನೀಲಿ ಫಲಕವನ್ನು ನೋಡಿ ತೀರ್ಮಾನಕ್ಕೆ ಬರುವುದೂ ಸಾಲದು. ಫಲಕ ಬಿದ್ದುಹೋಗಿರಬಹುದು, ತುಕ್ಕು ಹಿಡಿದು ಓದಲಾಗದಂತಾಗಿರಬಹುದು. ಕಾನೂನಿನ ಕಣ್ಣಿಗೆ ಸಾಕ್ಷಿಯೆಂದರೆ ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆ, ಅದರೊಡನೆ ಇರುವ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿಯ ವಿವರ. ಹುಡುಕುವಾಗ ಹಳೆಯ ಜಿಲ್ಲೆಗಳ ಹೆಸರು ನೆನಪಿರಲಿ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಲಕ್ಕುಂಡಿಯ ಗುಡಿಗಳನ್ನು ಹಳೆಯ ಪಟ್ಟಿಯಲ್ಲಿ ಹುಡುಕಬೇಕಾದದ್ದು ಧಾರವಾಡ ಜಿಲ್ಲೆಯ ಕೆಳಗೆ. ಬಾಗಲಕೋಟೆಯ ಸ್ಮಾರಕಗಳು ಬಿಜಾಪುರದ ಕೆಳಗೆ, ಇಂದಿನ ವಿಜಯನಗರ ಜಿಲ್ಲೆಯವು ಬಳ್ಳಾರಿಯ ಕೆಳಗೆ. ‘ನಿಮ್ಮ ಜಿಲ್ಲೆಯ ಪಟ್ಟಿಯಲ್ಲಿ ಇಲ್ಲ’ ಎಂದು ಗುಮಾಸ್ತರು ಹೇಳಿದ ಮಾತ್ರಕ್ಕೆ ವಾಪಸು ಬರಬೇಡಿ.

ನೂರು ಮೀಟರನ್ನು ಎಲ್ಲಿಂದ ಅಳೆಯಬೇಕು?

ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕವಾದರೆ ಕಾಯ್ದೆಯ 20ಎ ಮತ್ತು 20ಬಿ ಕಲಮುಗಳು ನಿಮ್ಮ ಮುಖ್ಯ ಆಧಾರ. ಸಂರಕ್ಷಿತ ಸ್ಮಾರಕದ ಅಥವಾ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಂದರೆ ಒಟ್ಟು 300 ಮೀಟರ್‌ವರೆಗೆ ಕಾನೂನಿನ ಕೈ ಚಾಚುತ್ತದೆ. ಈ ಅಳತೆ ಮೊದಲು ಬಂದದ್ದು 1992ರ ಜೂನ್ 16ರ ಅಧಿಸೂಚನೆಯ ಮೂಲಕ. 2010ರ ತಿದ್ದುಪಡಿ ಅದನ್ನು ಕಾಯ್ದೆಯ ಒಳಗೇ ಸೇರಿಸಿತು. ಕೆಲವು ಸ್ಮಾರಕಗಳಿಗೆ ಇದಕ್ಕಿಂತ ಹೆಚ್ಚಿನ ದೂರವನ್ನು ನಿಗದಿಪಡಿಸುವ ಅಧಿಕಾರವೂ ಕೇಂದ್ರಕ್ಕಿದೆ.

‘ಎಲ್ಲೆಯಿಂದ’ ಎಂಬ ಪದವನ್ನು ಗಮನಿಸಿ. ಗರ್ಭಗುಡಿಯ ನಡುವಿನಿಂದಲೋ ಮುಖಮಂಟಪದ ಮೆಟ್ಟಿಲಿನಿಂದಲೋ ಟೇಪು ಹಿಡಿದರೆ ಅಳತೆ ತಪ್ಪುತ್ತದೆ, ಮತ್ತು ಆ ತಪ್ಪು ಯಾವಾಗಲೂ ರಸ್ತೆಯವರಿಗೇ ಅನುಕೂಲ. ಅಧಿಸೂಚನೆಯಲ್ಲಿ ಗುಡಿಯ ಸುತ್ತಲಿನ ಒಂದೆಕರೆ ಹತ್ತು ಗುಂಟೆ ಸಂರಕ್ಷಿತ ಎಂದಿದ್ದರೆ, ಆ ಒಂದೆಕರೆ ಹತ್ತು ಗುಂಟೆಯ ಅಂಚಿನಿಂದ ನೂರು ಮೀಟರ್ ಶುರುವಾಗುತ್ತದೆ. ಅನೇಕ ಕಡೆ ತಂತಿಬೇಲಿ ಈ ಅಂಚಿಗಿಂತ ಒಳಗಿರುತ್ತದೆ, ಏಕೆಂದರೆ ಬೇಲಿ ಹಾಕುವ ಹೊತ್ತಿಗೆ ಹೊರಗಿನ ಭಾಗ ಒತ್ತುವರಿಯಾಗಿರುತ್ತದೆ. ಆದ್ದರಿಂದ ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ ನಕ್ಷೆ (ಸರ್ವೆ ನಂಬರಿನ ಅಳತೆಯ ನಕ್ಷೆ), ಪಹಣಿ ಇವಿಷ್ಟನ್ನೂ ತೆಗೆಸಿ ಅಧಿಸೂಚನೆಯ ಪಕ್ಕದಲ್ಲಿಟ್ಟು ನೋಡಿ. ಫೋನಿನ ಉಪಗ್ರಹ ನಕ್ಷೆಯಲ್ಲಿ ಎಳೆದ ಗೆರೆ ನಿಮ್ಮ ಮನವರಿಕೆಗೆ ಸಾಕು. ಕಚೇರಿಯಲ್ಲಿ ನಿಲ್ಲಬೇಕಾದರೆ ಭೂಮಾಪಕರ ನಕ್ಷೆ ಬೇಕು. ಸ್ಮಾರಕದ ಜಮೀನು ನಿಮ್ಮದಲ್ಲದ ಕಾರಣ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ವೆಗೆ, ನೀವೇ ಅರ್ಜಿ ಹಾಕುವುದು ಕಷ್ಟ. ಜಂಟಿ ಸರ್ವೆ ಮಾಡಿಸಬೇಕೆಂದು ಎಎಸ್‌ಐ ವೃತ್ತ ಕಚೇರಿಗೂ ಜಿಲ್ಲಾಧಿಕಾರಿಗೂ ಬರೆಯುವುದೇ ಸರಿಯಾದ ದಾರಿ. ನಿಷೇಧಿತ, ನಿಯಂತ್ರಿತ ಪ್ರದೇಶಗಳ ಸರ್ವೆ ಮಾಡಿಸುವುದು ಎಎಸ್‌ಐ ಮಹಾನಿರ್ದೇಶಕರ ಕರ್ತವ್ಯವೆಂದು 35ಎ ಕಲಮಿನಲ್ಲೇ ಇದೆ. 1992ರ ಜೂನ್ 16ರ ನಂತರ ಎದ್ದ ಅನಧಿಕೃತ ಕಟ್ಟಡಗಳನ್ನು ಗುರುತಿಸಬೇಕೆಂದು 35ಬಿ ಹೇಳುತ್ತದೆ. ಈ ಎರಡನ್ನೂ ಪತ್ರದಲ್ಲಿ ಉಲ್ಲೇಖಿಸಿ.

ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಕ್ಕೆ 20ಎ ಕಲಮನ್ನು ಉಲ್ಲೇಖಿಸಿದರೆ ಮನವಿ ಮೊದಲ ಮೇಜಿನಲ್ಲೇ ಬಿದ್ದುಹೋಗುತ್ತದೆ. ಅಲ್ಲಿ 1961ರ ಕಾಯ್ದೆ, ಅದರ ನಿಯಮಗಳು, ಆ ಸ್ಮಾರಕದ ಅಧಿಸೂಚನೆ ಇವುಗಳನ್ನೇ ಓದಿ ವಾದ ಕಟ್ಟಬೇಕು. ಈ ಕಾಯ್ದೆ ದುರ್ಬಲವೆಂದು ತಿಳಿಯಬೇಕಾಗಿಲ್ಲ. ಹೊಸಪೇಟೆ ಬಳಿಯ ಜಂಬುನಾಥೇಶ್ವರ ದೇವಾಲಯ ರಾಜ್ಯ ಸಂರಕ್ಷಿತ ಸ್ಮಾರಕ. ಅದರ ಬಳಿಯ ಗಣಿಗಾರಿಕೆಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತಜ್ಞರ ಸಮಿತಿಯ ಶಿಫಾರಸನ್ನು ಒಪ್ಪಿ, ಒಂದು ಕಿಲೋಮೀಟರ್ ವ್ಯಾಪ್ತಿಯನ್ನು ಗಣಿಗಾರಿಕೆಯಿಂದ ಹೊರಗಿಟ್ಟಿತು.

ಹಂಪಿಯ ವಿಷಯ ಬೇರೆಯೇ. ಅಲ್ಲಿ ಎಎಸ್‌ಐ ಸ್ಮಾರಕಗಳೂ ಇವೆ, ರಾಜ್ಯದವೂ ಇವೆ, ಇವೆರಡರ ಮೇಲೆ 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯ್ದೆಯೂ ಇದೆ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಪ್ರಕರಣದಲ್ಲಿ ಕೊನೆಗೆ ಕೆಲಸ ಮಾಡಿದ್ದು 1988ರ ಅಕ್ಟೋಬರ್ 22ರ ಒಂದು ರಾಜ್ಯ ಅಧಿಸೂಚನೆ. ಆ ನಡುಗಡ್ಡೆ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮೂವತ್ತೊಂದು ವರ್ಷ ಕಡತದಲ್ಲಿ ಮಲಗಿದ್ದ ಕಾಗದ ಅದು.

ರಸ್ತೆ ‘ನಿರ್ಮಾಣ’ವೇ?

ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಆಕ್ಷೇಪಣೆಗಳು ಸೋಲುವುದು ಇಲ್ಲಿ. ನಿಷೇಧಿತ ಪ್ರದೇಶದಲ್ಲಿ ಪುರಾತತ್ತ್ವ ಅಧಿಕಾರಿಯ ಹೊರತು ಬೇರೆ ಯಾರೂ ನಿರ್ಮಾಣ ಕಾರ್ಯ ನಡೆಸಬಾರದೆಂದು 20ಎ ಹೇಳುತ್ತದೆ. ಅದೇ ಕಲಮಿನ 4ನೇ ಉಪಕಲಮು ಇನ್ನೂ ಗಟ್ಟಿಯಾಗಿದೆ: 2010ರ ತಿದ್ದುಪಡಿಗೆ ರಾಷ್ಟ್ರಪತಿಯವರ ಅಂಕಿತ ಬಿದ್ದ ಮೇಲೆ, ಸಾರ್ವಜನಿಕ ಕಾಮಗಾರಿಯೇ ಆಗಲಿ, ಸಾರ್ವಜನಿಕರಿಗೆ ಅತ್ಯಗತ್ಯವಾದ ಯೋಜನೆಯೇ ಆಗಲಿ, ನಿಷೇಧಿತ ಪ್ರದೇಶದಲ್ಲಿ ಅನುಮತಿ ಕೊಡುವಂತಿಲ್ಲ. ಈ ಬಿಗಿಗೆ ಹಿನ್ನೆಲೆಯಿದೆ. ಅದಕ್ಕೆ ಮೊದಲಿನ ಕೆಲವು ವರ್ಷ ಎಎಸ್‌ಐ ಒಂದು ತಜ್ಞ ಸಲಹಾ ಸಮಿತಿಯ ಮೂಲಕ ನೂರು ಮೀಟರಿನ ಒಳಗೂ ಅನುಮತಿ ಕೊಡುತ್ತಿತ್ತು. ಅದಕ್ಕೆ ಕಾನೂನಿನ ಆಧಾರವಿಲ್ಲವೆಂದು 2009ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆ ತೀರ್ಪಿನ ಬೆನ್ನಿಗೇ ತಿದ್ದುಪಡಿ ಬಂತು. ಸಾರ್ವಜನಿಕ ಕಾಮಗಾರಿಗಳಿಗೆ ಮತ್ತೆ ಬಾಗಿಲು ತೆರೆಯುವ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತಾದರೂ ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು, ಅದು ಕಾನೂನಾಗಲಿಲ್ಲ.

ಹಾಗಾದರೆ ರಸ್ತೆಯವರು ಏನು ಹೇಳುತ್ತಾರೆ? ಅವರು ‘ನಿರ್ಮಾಣ’ ಎಂಬ ಪದದ ವ್ಯಾಖ್ಯೆಯನ್ನು ತೋರಿಸುತ್ತಾರೆ. ರಚನೆ ಅಥವಾ ಕಟ್ಟಡವನ್ನು ಎಬ್ಬಿಸುವುದು, ಇದ್ದುದನ್ನು ಮೇಲಕ್ಕೆ ಅಥವಾ ಅಡ್ಡಕ್ಕೆ ಬೆಳೆಸುವುದು ನಿರ್ಮಾಣ. ಆದರೆ ಇರುವ ರಚನೆಯ ದುರಸ್ತಿ, ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕಾಮಗಾರಿ, ವಿದ್ಯುತ್ ಸರಬರಾಜು, ‘ಸಾರ್ವಜನಿಕರಿಗೆ ಇಂಥದೇ ಸೌಲಭ್ಯ’ ಇವು ಅದರ ಹೊರಗೆ. ಈ ಕೊನೆಯ ಮಾತನ್ನು ಹಿಗ್ಗಿಸಿ ಅದರೊಳಗೆ ಏನನ್ನೂ ತುರುಕಬಹುದು. ಪುರಿಯ ಜಗನ್ನಾಥ ದೇವಾಲಯದ ಸುತ್ತಲಿನ ಪರಿಕ್ರಮ ಯೋಜನೆಯ ವಿರುದ್ಧದ ಅರ್ಜಿಗಳನ್ನು 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿದ್ದು ಈ ವ್ಯಾಖ್ಯೆಯ ಆಧಾರದ ಮೇಲೆಯೇ. ಅರ್ಜಿದಾರರು ತಲಾ ಒಂದು ಲಕ್ಷ ರೂಪಾಯಿ ವೆಚ್ಚ ತೆರಬೇಕೆಂದೂ ಆದೇಶವಾಯಿತು. ಆ ತೀರ್ಪು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಆದರೆ ಅದು ಇಲ್ಲವೆಂಬಂತೆ ಅರ್ಜಿ ಬರೆಯುವುದು ಅವಿವೇಕ.

ಆದ್ದರಿಂದ ಪತ್ರದಲ್ಲಿ ಬರಿದೇ ‘ರಸ್ತೆ’ ಎಂದು ಬರೆಯಬೇಡಿ. ಇರುವ ರಸ್ತೆಗೆ ಅದೇ ಅಗಲದಲ್ಲಿ ಮತ್ತೊಮ್ಮೆ ಡಾಂಬರು ಹಾಕುವುದು ದುರಸ್ತಿ. ಅದನ್ನು ಆಕ್ಷೇಪಿಸಿದರೆ ಊರವರೇ ನಿಮ್ಮ ಮೇಲೆ ತಿರುಗಿ ಬೀಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಗಲೀಕರಣದ ನೆಪದಲ್ಲಿ ಏಳುವ ತಡೆಗೋಡೆ, ಮೋರಿಯ ಸ್ಲ್ಯಾಬು, ಮೇಲ್ಸೇತುವೆಯ ಕಂಬ, ಟೋಲ್ ಚಾವಡಿ, ಕಮಾನು, ಬಸ್ ತಂಗುದಾಣ ಇವೆಲ್ಲ ಯಾವ ಅರ್ಥದಲ್ಲಿ ನೋಡಿದರೂ ಹೊಸ ರಚನೆಗಳು. ಅಂದಾಜು ಪಟ್ಟಿಯಲ್ಲಿ ಇವು ಒಂದೊಂದೂ ಬೇರೆ ಬೇರೆ ಬಾಬಾಗಿ ನಮೂದಾಗಿರುತ್ತವೆ. ಒಂದೊಂದರ ಹೆಸರು, ಉದ್ದ, ಎತ್ತರ, ಸ್ಮಾರಕದ ಎಲ್ಲೆಯಿಂದ ಅದಕ್ಕಿರುವ ದೂರ ಬರೆದು, 20ಎ ಕಲಮಿನ 4ನೇ ಉಪಕಲಮನ್ನು ಅದರ ಪಕ್ಕದಲ್ಲಿಡಿ. ‘ಇಂಥದೇ ಸೌಲಭ್ಯ’ ಎಂಬ ಸಾಮಾನ್ಯ ಮಾತಿನೊಳಗೆ ಎಲ್ಲ ರಸ್ತೆಗಳೂ ಬರುವುದಾದರೆ, ಸಾರ್ವಜನಿಕ ಕಾಮಗಾರಿಯನ್ನು ಹೆಸರಿಸಿಯೇ ನಿಷೇಧಿಸುವ ಉಪಕಲಮಿಗೆ ಕೆಲಸವೇ ಉಳಿಯುವುದಿಲ್ಲ ಎಂಬುದು ನಿಮ್ಮ ವಾದವಾಗಬೇಕು.

ನಿಯಂತ್ರಿತ ಪ್ರದೇಶದಲ್ಲಿ, ಅಂದರೆ ನೂರರಿಂದ ಮುನ್ನೂರು ಮೀಟರಿನ ನಡುವೆ, ನಿರ್ಮಾಣಕ್ಕೆ ಅವಕಾಶವಿದೆ, ಆದರೆ ಪೂರ್ವಾನುಮತಿ ಬೇಕು. ಅದನ್ನು ಕೊಡುವ ಅಧಿಕಾರಿಯನ್ನು ಕಾಯ್ದೆ ‘ಸಕ್ಷಮ ಪ್ರಾಧಿಕಾರ’ ಎನ್ನುತ್ತದೆ. ದೊಡ್ಡ ಯೋಜನೆಗಳಿಂದ ಸ್ಮಾರಕದ ಮೇಲಾಗುವ ಪರಿಣಾಮವನ್ನು ಪರಿಶೀಲಿಸುವುದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಕೆಲಸ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅನುಮತಿ ಪತ್ರ ಎಲ್ಲಿದೆ?

ವಿಶ್ವ ಪರಂಪರೆಯ ತಾಣಗಳಿಗೆ ಇನ್ನೊಂದು ಬಾಗಿಲಿದೆ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಆ ಪಟ್ಟಿ ಸೇರಿದವು. ತಾಣದ ಮೌಲ್ಯಕ್ಕೆ ಧಕ್ಕೆ ತರಬಹುದಾದ ಹೊಸ ನಿರ್ಮಾಣವನ್ನು ನಿರ್ಧಾರಕ್ಕೆ ಮುನ್ನವೇ ಸರ್ಕಾರ ಯುನೆಸ್ಕೊದ ಸಮಿತಿಗೆ ತಿಳಿಸಬೇಕೆಂದು ವಿಶ್ವ ಪರಂಪರೆ ಒಪ್ಪಂದದ ಕಾರ್ಯಾಚರಣೆಯ ಮಾರ್ಗಸೂಚಿಯ 172ನೇ ಪರಿಚ್ಛೇದ ಕೇಳುತ್ತದೆ. ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಹೊರಬಂತು. ಆ ಸೇತುವೆಗಳಲ್ಲಿ ತಳವಾರಘಟ್ಟ ಮತ್ತು ಆನೆಗೊಂದಿಯ ನಡುವಿನದು 2009ರ ಜನವರಿ 22ರಂದು ಕೆಲಸ ನಡೆಯುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಯುನೆಸ್ಕೊ ಪತ್ರ ಕೆಲಸ ನಿಲ್ಲಿಸುವ ಆದೇಶವಲ್ಲ, ಆದರೆ ದೆಹಲಿಯಿಂದ ಬೆಂಗಳೂರಿಗೆ ಒಂದು ಫೋನು ಬರುವಂತೆ ಮಾಡುತ್ತದೆ.

ಸುದ್ದಿಯನ್ನು ಮೊದಲೇ ಹಿಡಿಯುವುದು

ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಹೆದ್ದಾರಿ ಕಾಯ್ದೆಯ 3ಎ ಕಲಮಿನ ಅಧಿಸೂಚನೆ ಹೊರಟ 21 ದಿನಗಳೊಳಗೆ ಭೂಸ್ವಾಧೀನಕ್ಕೆ ಆಕ್ಷೇಪಣೆ ಸಲ್ಲಿಸಬೇಕು. ಆ ಹಕ್ಕು ಜಮೀನಿನಲ್ಲಿ ಹಿತಾಸಕ್ತಿ ಇರುವವರದು, ಹಾಗಾಗಿ ಸ್ಮಾರಕದ ಅಕ್ಕಪಕ್ಕದ ರೈತರನ್ನು ಮೊದಲೇ ಮಾತನಾಡಿಸಿಟ್ಟುಕೊಳ್ಳಿ. 2013ರ ಭೂಸ್ವಾಧೀನ ಕಾಯ್ದೆಯಡಿಯಾದರೆ ಪ್ರಾಥಮಿಕ ಅಧಿಸೂಚನೆಯ ನಂತರ 60 ದಿನ ಸಿಗುತ್ತದೆ. ಪರಿಸರ ಅನುಮತಿ ಬೇಕಾದ ದೊಡ್ಡ ಯೋಜನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತದೆ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು. ಆ ವರದಿಯಲ್ಲಿ ‘ಯೋಜನಾ ಪ್ರದೇಶದಲ್ಲಿ ಯಾವುದೇ ಸ್ಮಾರಕಗಳಿಲ್ಲ’ ಎಂಬ ಒಂದು ವಾಕ್ಯ ಇದೆಯೇ ನೋಡಿ. ಇದ್ದು, ನಿಮ್ಮಲ್ಲಿ ಅಧಿಸೂಚನೆಯ ನಕಲೂ ಇದ್ದರೆ, ಸಭೆಯಲ್ಲಿ ನೀವು ಹೆಚ್ಚು ಮಾತನಾಡಬೇಕಾಗಿಲ್ಲ. ಎರಡನ್ನೂ ಓದಿ ಹೇಳಿ, ನಡಾವಳಿಯಲ್ಲಿ ದಾಖಲಿಸಲು ಕೇಳಿ.

ಜಿಲ್ಲಾ ರಸ್ತೆ, ಪಟ್ಟಣದ ರಸ್ತೆಗಳಿಗೆ ಇಂಥ ದೊಡ್ಡ ಪ್ರಕಟಣೆ ಇರುವುದಿಲ್ಲ. ಅಲ್ಲಿ ಟೆಂಡರ್ ಪ್ರಕಟಣೆ, ಗ್ರಾಮಸಭೆಯ ಕ್ರಿಯಾಯೋಜನೆ, ನಗರ ಯೋಜನಾ ಪ್ರಾಧಿಕಾರದ ಮಹಾಯೋಜನೆಯ ಕರಡು ಇವುಗಳ ಮೇಲೆ ಕಣ್ಣಿಡಬೇಕು.

ಯಾವ ಹಂತದಲ್ಲೂ ಮಾಹಿತಿ ಹಕ್ಕಿನ ಅರ್ಜಿ ಕೈಗೆ ಸಿಗುವ ಅಗ್ಗದ ಆಯುಧ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ರಾಜ್ಯದ ಕಚೇರಿಗಳಿಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದ ಮೀರಬಾರದು. ಇದನ್ನು ಮರೆತು ನಾನು ಒಮ್ಮೆ ಮೂರು ಪುಟ ಬರೆದು, ಮೂವತ್ತನೇ ದಿನ ಒಂದು ಸಾಲಿನ ಹಿಂಬರಹದೊಂದಿಗೆ ಅದೇ ಮೂರು ಪುಟವನ್ನು ವಾಪಸು ಪಡೆದಿದ್ದೇನೆ. ‘ಸ್ಮಾರಕದ ಪಕ್ಕ ರಸ್ತೆ ಏಕೆ ಮಾಡುತ್ತಿದ್ದೀರಿ’ ಎಂದೂ ಕೇಳಬೇಡಿ. ಕಾಯ್ದೆ ಕೊಡಿಸುವುದು ಕಡತದಲ್ಲಿರುವ ಕಾಗದವನ್ನು. ಕಾರಣ ವಿವರಿಸುವ ಬಾಧ್ಯತೆ ಮಾಹಿತಿ ಅಧಿಕಾರಿಗಿಲ್ಲ. ಹೀಗೆ ಕೇಳಿ: ‘ಇಂಥ ಕಾಮಗಾರಿಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಮತ್ತು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದಿದ್ದಲ್ಲಿ ಅವುಗಳ ದೃಢೀಕೃತ ನಕಲು, ಅನುಮೋದಿತ ಅಂದಾಜು ಪಟ್ಟಿ ಮತ್ತು ರಸ್ತೆಯ ಜಾಡು ತೋರಿಸುವ ಜೋಡಣೆ ನಕ್ಷೆಯ ದೃಢೀಕೃತ ನಕಲು ಒದಗಿಸುವುದು.’ ಇದೇ ಅರ್ಜಿಯನ್ನು ಲೋಕೋಪಯೋಗಿ ಇಲಾಖೆಗೂ ಎಎಸ್‌ಐ ವೃತ್ತ ಕಚೇರಿಗೂ ಒಂದೇ ದಿನ ಹಾಕಿ. ಎರಡು ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ ನಿಮ್ಮ ಆಕ್ಷೇಪಣೆಯ ಅರ್ಧ ಅಲ್ಲೇ ಸಿದ್ಧವಾದಂತೆ. ಉತ್ತರ ಬಾರದಿದ್ದರೆ ಮತ್ತೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.

ಆಕ್ಷೇಪಣಾ ಪತ್ರ

ಪತ್ರ ಎರಡು ಪುಟ ಮೀರದಿರಲಿ. ಊರಿನ ಇತಿಹಾಸ, ರಾಜರ ವಂಶಾವಳಿ, ಶಿಲ್ಪದ ಸೊಬಗು ಇದರಲ್ಲಿ ಬೇಡ. ಓದುವ ಅಧಿಕಾರಿಗೆ ಬೇಕಾದದ್ದು ಸರ್ವೆ ನಂಬರ್ ಮತ್ತು ಕಲಮು. ವಿಷಯದ ಸಾಲು ಹೀಗಿರಲಿ: ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿರುವ ಕೇಂದ್ರ ಸಂರಕ್ಷಿತ ಸ್ಮಾರಕದ ನಿಷೇಧಿತ ಪ್ರದೇಶದಲ್ಲಿ ಉದ್ದೇಶಿಸಿರುವ ರಸ್ತೆ ಅಗಲೀಕರಣ ಕಾಮಗಾರಿಗೆ ಆಕ್ಷೇಪಣೆ.’ ಮೊದಲ ಪ್ಯಾರಾದಲ್ಲಿ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಎರಡನೆಯದರಲ್ಲಿ ಕಾಮಗಾರಿಯ ಹೆಸರು, ಟೆಂಡರ್ ಸಂಖ್ಯೆ, ನೀವು ಅಳೆದ ದೂರ, ಮೂರನೆಯದರಲ್ಲಿ ಉಲ್ಲಂಘನೆಯಾಗುವ ಕಲಮುಗಳು. ನಾಲ್ಕನೆಯದು ಬೇಡಿಕೆ: ಕಾಮಗಾರಿ ತಡೆಹಿಡಿಯುವುದು, ಜಂಟಿ ಸ್ಥಳ ತನಿಖೆ ನಡೆಸುವುದು, ರಸ್ತೆಯ ಪರ್ಯಾಯ ಜೋಡಣೆ ಪರಿಶೀಲಿಸುವುದು. ಪರ್ಯಾಯವನ್ನು ನೀವೇ ನಕ್ಷೆಯ ಮೇಲೆ ಗುರುತಿಸಿ ಕೊಟ್ಟರೆ ಎಂಜಿನಿಯರಿಗೆ ಇಳಿದುಬರಲು ಒಂದು ಏಣಿ ಸಿಗುತ್ತದೆ. ಬರಿಯ ‘ಬೇಡ’ ಎಂಬ ಪತ್ರಕ್ಕಿಂತ ಇಂಥ ಪತ್ರಗಳಿಗೆ ಬೇಗ ಉತ್ತರ ಬಂದದ್ದನ್ನು ಕಂಡಿದ್ದೇನೆ. ಕೊನೆಯ ಸಾಲನ್ನು ಎಂದೂ ಬಿಡಬೇಡಿ: ‘ಈ ಮನವಿಯ ಮೇಲೆ ಕೈಗೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ನೀಡಬೇಕೆಂದು ಕೋರುತ್ತೇನೆ.’

ಮೂಲ ಪ್ರತಿ ಎಎಸ್‌ಐ ವೃತ್ತದ ಅಧೀಕ್ಷಕ ಪುರಾತತ್ತ್ವಜ್ಞರಿಗೆ, ರಾಜ್ಯದ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಆಯುಕ್ತರಿಗೆ. ಪ್ರತಿಗಳು ಜಿಲ್ಲಾಧಿಕಾರಿಗೆ, ಕಾಮಗಾರಿ ನಡೆಸುವ ಕಾರ್ಯಪಾಲಕ ಎಂಜಿನಿಯರಿಗೆ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ, ಗ್ರಾಮ ಪಂಚಾಯಿತಿ ಅಥವಾ ನಗರಸಭೆಗೆ. ಕೈಯಾರೆ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ದೂರದ ಕಚೇರಿಗಳಿಗೆ ಅಂಚೆಯ ಮೂಲಕ ನೋಂದಾಯಿಸಿ ಕಳಿಸಿ, ಚೀಟಿಯನ್ನು ಕಡತಕ್ಕೆ ಅಂಟಿಸಿಡಿ.

ಕೆಲಸ ಶುರುವಾಗಿಬಿಟ್ಟಿದ್ದರೆ

ಮೊದಲು ಫೋಟೊ, ವಿಡಿಯೊ. ಚೌಕಟ್ಟಿನಲ್ಲಿ ಯಂತ್ರವೂ ಸ್ಮಾರಕವೂ ಒಟ್ಟಿಗೆ ಬೀಳಬೇಕು, ದಿನಾಂಕ ಮತ್ತು ಸ್ಥಳದ ಗುರುತು ಫೈಲಿನಲ್ಲಿರಬೇಕು. ಅದೇ ದಿನ ಎಎಸ್‌ಐ ಉಪವೃತ್ತದ ಸಂರಕ್ಷಣಾ ಸಹಾಯಕರಿಗೆ ಲಿಖಿತ ದೂರು ಕೊಡಿ. ನೋಟಿಸು ಕೊಡುವುದು, ಪೊಲೀಸ್ ಠಾಣೆಗೆ ದೂರು ದಾಖಲಿಸುವುದು ರೂಢಿಯಲ್ಲಿ ಅವರ ಕೆಲಸ. ನಿಷೇಧಿತ ಪ್ರದೇಶದಲ್ಲಿ ನಿರ್ಮಾಣ ಮಾಡಿದರೆ 30ಎ, ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಅಥವಾ ಅನುಮತಿ ಮೀರಿ ಮಾಡಿದರೆ 30ಬಿ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಂಡೂ ಕಾಣದಂತಿದ್ದು ಅವಕಾಶ ಮಾಡಿಕೊಟ್ಟ ಕೇಂದ್ರ ಸರ್ಕಾರದ ಅಧಿಕಾರಿಗೆ 30ಸಿ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಈ ಕೊನೆಯ ಕಲಮನ್ನು ಬೆದರಿಕೆಯ ಧಾಟಿಯಲ್ಲಿ ಬರೆಯದೆ, ‘ತಮ್ಮ ಗಮನಕ್ಕೆ’ ಎಂದು ಬರೆದರೆ ಸಾಕು.

ಹಿಂಬರಹ ಬಾರದೆ ಕೆಲಸ ನಿಲ್ಲದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ವಿಜಯಪುರ, ಬೀದರ್ ಕಡೆಯವರು ಕಲಬುರಗಿ ಪೀಠಕ್ಕೆ, ಬಾಗಲಕೋಟೆ, ಗದಗ, ಕೊಪ್ಪಳ, ಬಳ್ಳಾರಿ ಕಡೆಯವರು ಧಾರವಾಡ ಪೀಠಕ್ಕೆ, ಹಳೇ ಮೈಸೂರಿನವರು ಬೆಂಗಳೂರಿಗೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ವಕೀಲರು ಮೊದಲು ಕೇಳುವುದು ಮನವಿ ಕೊಟ್ಟ ಸ್ವೀಕೃತಿಯನ್ನೇ. ತಡೆಯಾಜ್ಞೆ ಕೇಳುವಾಗ ನ್ಯಾಯಾಲಯ ನೋಡುವುದು ನೀವು ಯಾವ ದಿನ ಎಚ್ಚರಿಸಿದ್ದಿರಿ, ಅವರು ಎಷ್ಟು ದಿನ ಸುಮ್ಮನಿದ್ದರು ಎಂಬುದನ್ನು. ದೆಹಲಿಯ ಜಂತರ್ ಮಂತರ್ ಬಳಿಯ ಕಟ್ಟಡದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ 1992ರ ಅಧಿಸೂಚನೆಯನ್ನು ಎತ್ತಿಹಿಡಿದ ತೀರ್ಪನ್ನು ವಕೀಲರಿಗೆ ನೆನಪಿಸಿ.

ನೂರು ಮೀಟರಿನ ಒಳಗೆ ಮನೆ ಇರುವವರು

ಇವರನ್ನು ಶತ್ರುಗಳಂತೆ ಕಂಡರೆ ಯಾವ ಸ್ಮಾರಕವೂ ಉಳಿಯುವುದಿಲ್ಲ. 2011ರಲ್ಲಿ ಹಂಪಿಯ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ ರೀತಿ ಅಲ್ಲಿನವರ ಮನಸ್ಸಿನಲ್ಲಿ ಇನ್ನೂ ಮಾಸಿಲ್ಲ. ಕಾನೂನು ಇವರಿಗೂ ದಾರಿ ಇಟ್ಟಿದೆ. 1992ರ ಜೂನ್ 16ಕ್ಕೆ ಮೊದಲಿನಿಂದ ಇರುವ ಮನೆಯ ದುರಸ್ತಿ, ನವೀಕರಣಕ್ಕೆ 20ಸಿ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅರ್ಜಿಯನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅದು ಎರಡು ತಿಂಗಳೊಳಗೆ ಶಿಫಾರಸು ಮಾಡಬೇಕು, ಆ ಮೇಲೆ ಒಂದು ತಿಂಗಳೊಳಗೆ ಅನುಮತಿ ಕೊಡಬೇಕು ಅಥವಾ ನಿರಾಕರಿಸಬೇಕು. ಮನೆ ಹಳೆಯದೆಂದು ತೋರಿಸಲು ಹಳೆಯ ಕಂದಾಯ ರಸೀದಿ, ವಿದ್ಯುತ್ ಬಿಲ್ಲು, ಪಂಚಾಯಿತಿಯ ಡಿಮ್ಯಾಂಡ್ ವಹಿಯ ನಕಲು ನೆರವಾಗುತ್ತವೆ. ಸೋರುವ ಮಾಳಿಗೆ ಸರಿಪಡಿಸಲು ಒಬ್ಬ ಮುದುಕಿ ಈ ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತು ನೆರವಾದರೆ, ನಾಳೆ ಕೆಂಪು ಗೀಟು ಬಿದ್ದ ಸುದ್ದಿ ನಿಮಗೆ ಮೊದಲು ಮುಟ್ಟುವುದು ಆಕೆಯಿಂದಲೇ.

ಯಾವ ಪಟ್ಟಿಯಲ್ಲೂ ಇಲ್ಲದ ಕಲ್ಲುಗಳು

ರಸ್ತೆ ಕೆಲಸದಲ್ಲಿ ಹೆಚ್ಚು ನಷ್ಟವಾಗುವುದು ಇವೇ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಶಾಸನ ಸುಮಾರು 750ರ ಕಾಲದ್ದು. ಅದು ಕಣ್ಣಿಗೆ ಬೀಳುವವರೆಗೆ ಯಾವ ಕಾನೂನಿಗೂ ಅದರ ಇರವು ಗೊತ್ತಿರಲಿಲ್ಲ. ಇಂಥವಕ್ಕೆ ಮೊದಲ ಕೆಲಸ ದಾಖಲೆ: ಅಳತೆಪಟ್ಟಿ ಇಟ್ಟು ನಾಲ್ಕೂ ಬದಿಯ ಫೋಟೊ, ಸ್ಥಳದ ಅಕ್ಷಾಂಶ ರೇಖಾಂಶ, ಸರ್ವೆ ನಂಬರ್, ಮುಖ ಯಾವ ದಿಕ್ಕಿಗಿದೆ ಎಂಬ ಟಿಪ್ಪಣಿ. ಶಾಸನದ ಮೇಲೆ ಸುಣ್ಣ, ಸೀಮೆಸುಣ್ಣ, ಹಿಟ್ಟು ಉಜ್ಜಬೇಡಿ. ಇದನ್ನು ರಾಜ್ಯ ಪುರಾತತ್ತ್ವ ಇಲಾಖೆಗೆ ಕಳಿಸಿ, 1961ರ ಕಾಯ್ದೆಯಡಿ ಸಂರಕ್ಷಿತವೆಂದು ಘೋಷಿಸಲು ಕೋರಿ. ಘೋಷಣೆಗೆ ವರ್ಷಗಳೇ ಹಿಡಿಯಬಹುದು, ಆದರೆ ಕೋರಿಕೆ ದಾಖಲಾಗಿದ್ದರೆ ಜಿಲ್ಲಾಧಿಕಾರಿಗೆ ಕೆಲಸ ತಡೆಯಲು ಒಂದು ನೆವ ಸಿಗುತ್ತದೆ. ಪಾಯ ಅಗೆಯುವಾಗ ನೆಲದಡಿ ನಾಣ್ಯ, ವಿಗ್ರಹ ಸಿಕ್ಕರೆ ಅದು ನಿಧಿ ಕಾಯ್ದೆಯ ವಿಷಯ. ಜಿಲ್ಲಾಧಿಕಾರಿಗೆ ತಿಳಿಸದೆ ಇಟ್ಟುಕೊಳ್ಳುವುದು ಅಪರಾಧ.

ಕೆಲವೊಮ್ಮೆ ಕಾನೂನು ಬೇಕಾಗುವುದೇ ಇಲ್ಲ. ನನಗೆ ಗೊತ್ತಿರುವ ಒಂದು ಊರಿನ ವೀರಗಲ್ಲು ಮೂರು ಸಲದ ಡಾಂಬರಿನಲ್ಲಿ ಕೆಳಗಿನ ಹಲಗೆಯ ಮಟ್ಟದವರೆಗೆ ಹೂತುಹೋಗಿತ್ತು. ಬಿಲ್ಲು ಹಿಡಿದ ವೀರನ ಮೊಣಕಾಲಿನಿಂದ ಮೇಲಕ್ಕೆ ಮಾತ್ರ ಕಾಣುತ್ತಿತ್ತು, ತುರುಗಳ ಸಾಲು ರಸ್ತೆಯೊಳಗಿತ್ತು. ನಾಲ್ಕನೆಯ ಸಲ ರಸ್ತೆ ಅಗಲವಾಗುವ ಮೊದಲು ಊರವರು ಕಿರಿಯ ಎಂಜಿನಿಯರ್ ಒಬ್ಬರನ್ನು ಕರೆತಂದು ತೋರಿಸಿದರು. ಅವರು ಇಲಾಖೆಯ ಒಪ್ಪಿಗೆ ತರಿಸಿಕೊಂಡು, ಅಂದಾಜು ಪಟ್ಟಿಯ ಪರಿಷ್ಕರಣೆಯಲ್ಲಿ ಒಂದು ಬಾಬು ಸೇರಿಸಿದರು: ‘ಹಾಲಿ ಇರುವ ವೀರಗಲ್ಲನ್ನು ಎಚ್ಚರಿಕೆಯಿಂದ ತೆಗೆದು ರಸ್ತೆಯಂಚಿನಿಂದ ನಾಲ್ಕು ಮೀಟರ್ ಹಿಂದಕ್ಕೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುವುದು.’ ತುರುಗಳು ಈಗ ಪೂರ್ತಿ ಕಾಣುತ್ತವೆ, ಒಟ್ಟು ಐದು.